ಅಪ್ಪನ ಕಾರಿಗೆ ದಿನಾ ನೀರು ಯಾಕೆ?

ಶಾರ್ಜಾ
ಶುಕ್ರವಾರ ರಾತ್ರಿ

ಪ್ರೀತಿಯ ತಮ್ಮನಿಗೆ,

ಅಣ್ಣನ ಆಶೀರ್ವಾದ. ನಾನಿಲ್ಲಿ ಕ್ಷೇಮ. ವಿಟ್ಲದಲ್ಲಿ ನೀವೆಲ್ಲ ಹೇಗಿದ್ದೀರಿ? ಮಗುವಿನ ಜ್ವರ ಬಿಟ್ಟಿತಾ?

ನಿನ್ನೆ ಅಮ್ಮನಿಗೆ ಫೋನ್ ಮಾಡಿದ್ದೆ. ಅಪ್ಪ ಈಗ ದಿನಾ ಬೆಳಿಗ್ಗೆ ಕಾರಿಗೆ ಒಂದು ಚೆಂಬು ನೀರು, ಅದೂ ನಮ್ಮ ಗುಡ್ಡ ಕೊರೆದು ಮಾಡಿದ ಸುರಂಗದ ನೀರು, ಹಾಕುತ್ತಾರಂತೆ. ಹೋದ ವಾರ ನಿಮ್ಮಲ್ಲಿಗೆ ಬರುವಾಗ ಅಡ್ಕಸ್ಥಳದ ಹತ್ತಿರ ಬಾನೆಟ್ಟಿನಿಂದ ಹಬೆ ಎದ್ದಿತಂತೆ. "ಸ್ವಲ್ಪ ಹೊತ್ತು ನೆರಳಲ್ಲಿ ನಿಂತೆವು, ಮತ್ತೆ ಸರಿಯಾಯ್ತು" ಅಂದರು ಅಮ್ಮ. ಅದು ಸರಿಯಾದದ್ದಲ್ಲ ತಮ್ಮಾ. ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಫೋನಿನಲ್ಲಿ ಹೇಳಿದರೆ ಅಪ್ಪ ಅರ್ಧಕ್ಕೇ "ಆಯ್ತು ಆಯ್ತು" ಅನ್ನುತ್ತಾರೆ. ಅದಕ್ಕೆ ನಿನಗೆ ಬರೆಯುತ್ತಿದ್ದೇನೆ. ಮುಂದಿನ ಶನಿವಾರ ಪೆರ್ಲಕ್ಕೆ ಅಪ್ಪ ಅಮ್ಮನ ಮನೆಗೆ ಹೋದಾಗ ಈ ಕಾಗದ ಕೈಯಲ್ಲಿಟ್ಟುಕೊಂಡು ಒಂದೊಂದಾಗಿ ನೋಡು.

ಇಂಜಿನ್ ತಣ್ಣಗಿಡಲು ಹಾಕುವ ದ್ರವ, ಅಂದರೆ ಕೂಲೆಂಟ್, ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತು ಅಲ್ಲ. ಹಾಕಿದ್ದು ಒಳಗೇ ಸುತ್ತುತ್ತಿರಬೇಕು. ದಿನಾ ಒಂದು ಚೆಂಬು ಕಡಿಮೆಯಾಗುತ್ತದೆ ಎಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ನೀನು ಹೋಗುವ ಹಿಂದಿನ ದಿನ, ಶುಕ್ರವಾರ ರಾತ್ರಿಯೇ, ಅಪ್ಪನಿಗೆ ಹೇಳಿ ಇಂಜಿನ್ನಿನ ಅಡಿಗೆ ಒಂದು ದೊಡ್ಡ ರಟ್ಟು ಹಾಕಿಸು. ಬೆಳಿಗ್ಗೆ ಯಾವ ಜಾಗ ಒದ್ದೆ ಇದೆಯೋ ಅದರ ನೇರ ಮೇಲೆ ಹುಡುಕು. ಹನಿ ಪೈಪಿನ ಮೇಲೆ ಹರಿದು ದೂರದಲ್ಲಿ ಬೀಳುವುದೂ ಉಂಟು, ಅದಕ್ಕೆ ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಹೋಗು. ಸೋರಿ ಒಣಗಿದ ಕಡೆ ಬಿಳಿಯೋ ಹಸಿರೋ ಬಣ್ಣದ ಹುಡಿ ಕಟ್ಟಿರುತ್ತದೆ.

ಇಂಜಿನ್ ಪೂರ್ತಿ ತಣ್ಣಗಾಗದೆ ಬಿಸಿ ಕೂಲೆಂಟನ್ನು ತಣಿಸುವ ರೇಡಿಯೇಟರಿನ ಕ್ಯಾಪ್ ಮುಟ್ಟಲೇಬೇಡ. ಒಳಗೆ ಒತ್ತಡ ಇರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಕ್ಯಾಪ್ ತೆಗೆದ ಕೂಡಲೇ ಕುದಿದು ಮುಖಕ್ಕೇ ಚಿಮ್ಮುತ್ತದೆ. ಇಲ್ಲಿ ನನ್ನ ಜೊತೆ ಕೆಲಸ ಮಾಡುವವನ ಕೈ ಹಾಗೆ ಸುಟ್ಟದ್ದನ್ನು ನಾನೇ ನೋಡಿದ್ದೇನೆ.

ತಣ್ಣಗಾದ ಮೇಲೆ ಆ ಕ್ಯಾಪನ್ನೇ ಮೊದಲು ನೋಡು. ಅದರಡಿಯ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಒತ್ತಡ ನಿಲ್ಲುವುದಿಲ್ಲ. ಕ್ಯಾಪಿಗೆ ಜಾಸ್ತಿ ದುಡ್ಡಿಲ್ಲ, ಹೊಸದೇ ಹಾಕು. ಆಮೇಲೆ ಹೋಸುಗಳನ್ನು, ಅಂದರೆ ಕೂಲೆಂಟ್ ಹರಿಯುವ ರಬ್ಬರ್ ಪೈಪುಗಳನ್ನು, ಬೆರಳಲ್ಲಿ ಹಿಚುಕಿ ನೋಡು. ಒಳ್ಳೆಯ ಹೋಸ್ ಒತ್ತಿದರೆ ಒಳಗೆ ಹೋಗಿ ಮತ್ತೆ ಎದ್ದು ಬರುತ್ತದೆ. ಹಳೆಯದು ಕರಕರ ಅನ್ನುತ್ತದೆ, ಇಲ್ಲ ನೆನೆದ ಚರ್ಮದ ಹಾಗೆ ಮೆತ್ತಗಿರುತ್ತದೆ. ಕ್ಲಿಪ್ಪಿನ ಪಕ್ಕದಲ್ಲೇ ಉಬ್ಬಿರುತ್ತದೆ, ಅಲ್ಲೇ ಸೋರುವುದು ಹೆಚ್ಚು. 2004ರ ಮಾರುತಿ 800 ಅಲ್ವಾ, ಇಷ್ಟು ವರ್ಷ ಆ ಕಾರು ನಮ್ಮನ್ನು ದಾರಿಯಲ್ಲಿ ಬಿಟ್ಟದ್ದಿಲ್ಲ. ಹೋಸುಗಳನ್ನು ಯಾರೂ ಬದಲಿಸಿರಲಿಕ್ಕಿಲ್ಲ. ಒಂದು ಹಾಳಾಗಿದ್ದರೆ ಎಲ್ಲವನ್ನೂ ಕ್ಲಿಪ್ ಸಮೇತ ಬದಲಿಸು.

ಹೋಸ್ ಸರಿ ಇದ್ದರೆ ಕೂಲೆಂಟನ್ನು ಸುತ್ತಿಸುವ ವಾಟರ್ ಪಂಪ್ ನೋಡು. ಪಂಪಿನ ಅಡಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಹೋದರೆ ಹೊರಗೆ ಗೊತ್ತಾಗಲಿ ಅಂತಲೇ ಮಾಡಿದ್ದು. ಅಲ್ಲಿ ನೀರು ಇಳಿದ ಗುರುತಿದ್ದರೆ ಪಂಪ್ ಬದಲಿಸಬೇಕು. ಆ ತೂತಿಗೆ ಎಂ-ಸೀಲ್ ಅಂಟು ಮೆತ್ತುವವರೂ ಇದ್ದಾರೆ, ಖಂಡಿತ ಬೇಡ. ರೇಡಿಯೇಟರೇ ತೂತಾಗಿದ್ದರೆ, ತಾಮ್ರ ಹಿತ್ತಾಳೆಯದಾದರೆ ಬೆಸುಗೆ ಹಾಕಿಸಬಹುದು. ಪ್ಲಾಸ್ಟಿಕ್ ಟ್ಯಾಂಕ್ ಒಡೆದಿದ್ದರೆ ಹೊಸದೇ ಆಗಬೇಕು. ಅರಸಿನ ಹುಡಿ ಹಾಕಿದರೆ ಸೋರುವುದು ನಿಲ್ಲುತ್ತದೆ ಅಂತ ಯಾರಾದರೂ ಹೇಳಿಯಾರು. ನಿಲ್ಲಬಹುದು, ಆದರೆ ಅದರ ಜೊತೆಗೆ ರೇಡಿಯೇಟರಿನ ಸಪೂರ ನಾಳಗಳೂ ಕಟ್ಟಿಹೋಗುತ್ತವೆ.

ಹೊರಗೆ ಎಲ್ಲೂ ಒದ್ದೆ ಇಲ್ಲ, ಆದರೂ ನೀರು ಕಡಿಮೆಯಾಗುತ್ತಿದ್ದರೆ ಆಯಿಲ್ ಮುಚ್ಚಳ ತೆಗೆದು ನೋಡು. ಬೆಣ್ಣೆ ಹಾಗೆ ಮೆತ್ತಿಕೊಂಡಿದ್ದರೆ, ಅಥವಾ ಇಂಜಿನ್ ಬಿಸಿಯಾದ ಮೇಲೂ ಹಿಂದಿನಿಂದ ಬಿಳಿ ಹೊಗೆ ಬರುತ್ತಲೇ ಇದ್ದರೆ ಇಂಜಿನ್ನಿನ ಮೇಲಿನ ಮತ್ತು ಕೆಳಗಿನ ಭಾಗದ ನಡುವಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಿರಬಹುದು. ಅದು ಮನೆಯ ಕೆಲಸ ಅಲ್ಲ. ಕಾರು ಸ್ಟಾರ್ಟ್ ಮಾಡದೆ ನನಗೆ ಫೋನ್ ಮಾಡು.

"ನಮ್ಮ ಊರಲ್ಲಿ ನೀರು ಮಂಜುಗಡ್ಡೆ ಆಗ್ತದಾ? ಕೂಲೆಂಟ್ ಯಾಕೆ?" ಅಂತ ಅಪ್ಪ ಕೇಳಿಯೇ ಕೇಳುತ್ತಾರೆ. ಕೂಲೆಂಟ್ ಇರುವುದು ನೀರು ಗಡ್ಡೆ ಕಟ್ಟದ ಹಾಗೆ ತಡೆಯಲು ಮಾತ್ರ ಅಲ್ಲ, ಅದರಲ್ಲಿ ತುಕ್ಕು ತಡೆಯುವ ಮದ್ದೂ ಇದೆ ಅಂತ ಹೇಳು. ಸುರಂಗದ ನೀರು ನಮಗೆ ಕುಡಿಯಲು ಎಷ್ಟು ರುಚಿ! ನಾನು ಇಲ್ಲಿ ದಿನಾ ನೆನೆಸಿಕೊಳ್ಳುತ್ತೇನೆ. ಆದರೆ ಇಂಜಿನ್ನಿಗೆ ಅದು ಆಗುವುದಿಲ್ಲ. ಬರೀ ನೀರಲ್ಲೇ ಓಡಿದ ಒಂದು ಇಂಜಿನ್ ಇಲ್ಲಿ ಬಿಚ್ಚಿದ್ದೆವು. ಒಳಗೆಲ್ಲ ಮುರಕಲ್ಲಿನ ಹುಡಿ ಕಲಸಿಟ್ಟ ಹಾಗೆ ಕೆಂಪು ಕೆಸರು. ಕಾದ ಇಂಜಿನ್ನಿಗೆ ತಣ್ಣೀರು ಸುರಿದರಂತೂ ಲೋಹವೇ ಸೀಳಬಹುದು.

ರಿಪೇರಿ ಮುಗಿದ ಮೇಲೆ ಹಳೆಯದನ್ನು ಪೂರ್ತಿ ಖಾಲಿ ಮಾಡಿ, ಅರ್ಧ ಕೂಲೆಂಟ್ ಅರ್ಧ ಡಿಸ್ಟಿಲ್ಡ್ ವಾಟರ್ ನಿಧಾನ ಹಾಕು. ಹೀಟರ್ ಬಿಸಿಗೆ ತಿರುಗಿಸಿಡು. ಕ್ಯಾಪ್ ತೆಗೆದೇ ಇಂಜಿನ್ ಓಡಿಸು, ಮುಖ ಮಾತ್ರ ದೂರ ಇರಲಿ. ಗುಳ್ಳೆ ಬಂದು ಮಟ್ಟ ಇಳಿಯುತ್ತದೆ, ಇಳಿದ ಹಾಗೆ ತುಂಬಿಸು. ಮೇಲಿನ ಹೋಸ್ ಬಿಸಿಯಾಗಿ ಗುಳ್ಳೆ ನಿಂತ ಮೇಲೆ ಕ್ಯಾಪ್ ಹಾಕು. ಗಾಳಿ ಒಳಗೆ ಉಳಿದರೆ ಮತ್ತೆ ಬಿಸಿಯಾಗುತ್ತದೆ.

ಇಳಿಸಿದ ಕೂಲೆಂಟನ್ನು ಅಂಗಳದಲ್ಲಿ ಚೆಲ್ಲಬೇಡ. ಅದು ಸಿಹಿ ಇರುತ್ತದೆ, ಆದರೆ ವಿಷ. ಕರು ನೆಕ್ಕಿದರೆ ಕಷ್ಟ, ನಾಯಿಯೂ ಇದೆ. ಒಂದು ಕ್ಯಾನಿನಲ್ಲಿ ತುಂಬಿಸಿ ವರ್ಕ್‌ಶಾಪಿಗೆ ಕೊಡು. ಬಿದ್ದ ಜಾಗ ಚೆನ್ನಾಗಿ ತೊಳೆ.

ಮುಂದಿನ ತಿಂಗಳು ಅಮ್ಮನನ್ನು ಕಣ್ಣು ತೋರಿಸಲು ಮಂಗಳೂರಿಗೆ ಕರೆದುಕೊಂಡು ಹೋಗಬೇಕಲ್ಲ. 2020ರಲ್ಲಿ ಕೊರೋನಾ ಅಂತ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ನಮ್ಮ ಕಾಸರಗೋಡು ಕಡೆಯವರು ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ಪಟ್ಟ ಪಾಡು ನೆನಪಾದರೆ ಈಗಲೂ ಸಂಕಟವಾಗುತ್ತದೆ. ಈಗ ದಾರಿ ತೆರೆದಿರುವಾಗ ಅಮ್ಮ ಬಿಸಿಲಲ್ಲಿ ರಸ್ತೆ ಬದಿ ನಿಲ್ಲುವ ಹಾಗೆ ಆಗಬಾರದು. ಸಾಮಾನಿಗೆ ಎಷ್ಟಾಯಿತು ಹೇಳು, ದುಡ್ಡು ನಾನು ಕಳಿಸುತ್ತೇನೆ. ಅಲ್ಲಿಯವರೆಗೆ ಅಪ್ಪ ಕಾರು ತೆಗೆಯುವುದು ಬೇಡ, ಪೇಟೆಗೆ ರಿಕ್ಷಾದಲ್ಲಿ ಹೋಗಲಿ.

ಶನಿವಾರ ಬೆಳಿಗ್ಗೆ ಆ ರಟ್ಟಿನ ಫೋಟೋ ಕಳಿಸು. ಫೋನ್ ಹತ್ತಿರವೇ ಇಟ್ಟುಕೊಂಡಿರುತ್ತೇನೆ.

ನಿನ್ನ ಅಣ್ಣ