ಎಸಿಗೆ ಬೈಗುಳ, ಸರ್ವರ್‌ಗೆ ಮಾಫಿ

ಸಂಪಾದಕರಿಗೆ,

ಬೇಸಿಗೆಯಲ್ಲಿ ಕರೆಂಟ್ ಬಿಲ್ ಏರಿದರೆ ಬೈಸಿಕೊಳ್ಳುವುದು ಎಸಿ. ಫೋಟೊ, ಸಿನಿಮಾ, ಸಿಸಿಟಿವಿ ದೃಶ್ಯಗಳನ್ನು ಕೂಡಿಡಲೆಂದು ಮನೆಯ ಮೂಲೆಯಲ್ಲಿ ಹಗಲು ರಾತ್ರಿ ಓಡುವ ಸರ್ವರ್ ಕಂಪ್ಯೂಟರ್ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ಗೃಹ ಜ್ಯೋತಿ ಫಲಾನುಭವಿಗಳ ಮನೆಯಲ್ಲಂತೂ ಈ ಪೆಟ್ಟಿಗೆ ಎಸಿಗಿಂತ ದುಬಾರಿಯಾಗಬಹುದು.

ಎಡೆಬಿಡದೆ ಉರಿಯುವ ಒಂದು ವ್ಯಾಟ್ ಎಂದರೆ 30 ದಿನಕ್ಕೆ 0.72 ಯೂನಿಟ್, ವರ್ಷಕ್ಕೆ 8.76 ಯೂನಿಟ್. 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದರದಂತೆ ಗೃಹಬಳಕೆಗೆ ಯೂನಿಟ್‌ಗೆ 5.80 ರೂಪಾಯಿ. ಶೇ 9 ತೆರಿಗೆ ಮತ್ತಿತರ ಸೇರ್ಪಡೆಗಳನ್ನು ಕೂಡಿಸಿ ಲೆಕ್ಕದ ಅನುಕೂಲಕ್ಕೆ 7 ರೂಪಾಯಿ ಎಂದಿಟ್ಟುಕೊಂಡರೆ, ನಿರಂತರವಾಗಿ ಓಡುವ ಪ್ರತಿ ವ್ಯಾಟ್‌ಗೂ ವರ್ಷಕ್ಕೆ ಸುಮಾರು 60 ರೂಪಾಯಿ ಬೀಳುತ್ತದೆ. ಇಂಟೆಲ್ ಎನ್100 ಪ್ರೊಸೆಸರ್‌ನ ಮಿನಿ ಪಿಸಿ ಸುಮ್ಮನೆ ಕೂತಾಗ 6ರಿಂದ 10 ವ್ಯಾಟ್ ಎಳೆಯುತ್ತದೆ. ಗ್ರಾಫಿಕ್ಸ್ ಕಾರ್ಡ್ ಇರುವ ಹಳೆಯ ಡೆಸ್ಕ್‌ಟಾಪ್ 60 ವ್ಯಾಟ್ ದಾಟಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವ, ಎರಡು ಪ್ರೊಸೆಸರ್‌ಗಳ ಕಚೇರಿ ಸರ್ವರ್ ಏನೂ ಕೆಲಸ ಮಾಡದೆಯೇ 150 ವ್ಯಾಟ್ ತಿನ್ನಬಲ್ಲದು: ವರ್ಷಕ್ಕೆ 1,314 ಯೂನಿಟ್, 9,000 ರೂಪಾಯಿಗೂ ಹೆಚ್ಚು. ಅಗ್ಗಕ್ಕೆ ಸಿಕ್ಕಿದ್ದರ ಬೆಲೆಯನ್ನು ಆಮೇಲೆ ಬಿಲ್ಲಿನಲ್ಲಿ ಕಟ್ಟಬೇಕಾಗುತ್ತದೆ.

ಎಸಿ ಲೆಕ್ಕವನ್ನು ಪಕ್ಕದಲ್ಲಿಟ್ಟು ನೋಡಿ. ಕೇಂದ್ರದ ಇಂಧನ ದಕ್ಷತಾ ಸಂಸ್ಥೆಯಾದ ಬಿಇಇಯ ನಕ್ಷತ್ರ ಚೀಟಿಯಲ್ಲಿರುವ ವಾರ್ಷಿಕ ಯೂನಿಟ್ 1,600 ಗಂಟೆಗಳ ಬಳಕೆಗೆ ಲೆಕ್ಕ ಹಾಕಿದ್ದು. ಚೀಟಿಯಲ್ಲಿ 800 ಇದ್ದರೆ ಗಂಟೆಗೆ ಅರ್ಧ ಯೂನಿಟ್. ರಾತ್ರಿ ಆರು ಗಂಟೆ ಓಡಿಸಿದರೆ ತಿಂಗಳಿಗೆ 90, ಮೂರು ತಿಂಗಳ ಬೇಸಿಗೆಗೆ 270 ಯೂನಿಟ್. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಇದು ಇನ್ನೂ ಏರುತ್ತದೆ, ಒಪ್ಪೋಣ. ಹಾಗಿದ್ದರೂ 60 ವ್ಯಾಟ್‌ನ ಡೆಸ್ಕ್‌ಟಾಪ್ ವರ್ಷಕ್ಕೆ 525 ಯೂನಿಟ್ ನುಂಗಿರುತ್ತದೆ.

ಗೃಹ ಜ್ಯೋತಿಯ ಮಿತಿ ಈ ಲೆಕ್ಕವನ್ನು ಇನ್ನಷ್ಟು ತಲೆಕೆಳಗು ಮಾಡುತ್ತದೆ. 2022–23ರಲ್ಲಿ ತಿಂಗಳಿಗೆ ಸರಾಸರಿ 150 ಯೂನಿಟ್ ಬಳಸಿದ ಮನೆಗೆ ಶೇ 10 ಸೇರಿಸಿ 165 ಯೂನಿಟ್ ಉಚಿತ. ಅದಕ್ಕಿಂತ ಹೆಚ್ಚು, 200ರೊಳಗೆ ಬಳಸಿದರೆ ಹೆಚ್ಚುವರಿಗಷ್ಟೇ ಹಣ. 200 ದಾಟಿದರೆ ಪೂರ್ತಿ ಬಿಲ್. 160 ಯೂನಿಟ್ ಬಳಸುವ ಇಂಥ ಮನೆಗೆ ಆ ಡೆಸ್ಕ್‌ಟಾಪ್ ಬಂತೆನ್ನಿ. ಅದರ 43 ಯೂನಿಟ್ ಸೇರಿ 203 ಆಗುತ್ತದೆ. ಸೊನ್ನೆ ಇದ್ದ ಬಿಲ್ 1,420 ರೂಪಾಯಿಗೆ ಜಿಗಿಯುತ್ತದೆ. ಜೊತೆಗೆ ಅದೇ 2025ರ ದರದಂತೆ ಮಂಜೂರಾದ ಪ್ರತಿ ಕಿಲೋವ್ಯಾಟ್‌ಗೆ 145 ರೂಪಾಯಿ ನಿಗದಿತ ಶುಲ್ಕ ಬೇರೆ. ಅದೇ ಜಾಗದಲ್ಲಿ 10 ವ್ಯಾಟ್‌ನ ಮಿನಿ ಪಿಸಿ ಇದ್ದಿದ್ದರೆ ಒಟ್ಟು 167. ಎರಡು ಯೂನಿಟ್‌ಗಷ್ಟೇ ದುಡ್ಡು. ಮೇ ತಿಂಗಳಲ್ಲಿ ಎಸಿಯಿಂದಾಗಿ ಹೇಗೂ 200 ದಾಟಿರುತ್ತದೆ, ಆಗ ಡೆಸ್ಕ್‌ಟಾಪಿನ ಪಾಲು ಬರೀ 300 ರೂಪಾಯಿ. ಅದು ನಿಜವಾಗಿ ಕೈ ಕಚ್ಚುವುದು ಎಸಿ ಮುಚ್ಚಿಟ್ಟ ಮಳೆಗಾಲ, ಚಳಿಗಾಲದಲ್ಲಿ.

ಮೊದಲು ಅಳೆಯಬೇಕು. ಪವರ್ ಸಪ್ಲೈ ಮೇಲೆ ಬರೆದಿರುವ 450 ವ್ಯಾಟ್ ಅದರ ಗರಿಷ್ಠ ಸಾಮರ್ಥ್ಯ, ಬಳಕೆಯಲ್ಲ. ಕ್ಲ್ಯಾಂಪ್ ಮೀಟರ್‌ನಲ್ಲಿ ಆಂಪಿಯರ್ ನೋಡಿ 230 ವೋಲ್ಟ್‌ನಿಂದ ಗುಣಿಸುವವರಿದ್ದಾರೆ. ಸಣ್ಣ ಅಡಾಪ್ಟರ್‌ಗಳ ಪವರ್ ಫ್ಯಾಕ್ಟರ್ (ಹೀಗೆ ಗುಣಿಸಿ ಬಂದದ್ದರಲ್ಲಿ ನಿಜವಾದ ವ್ಯಾಟ್‌ನ ಪಾಲು) 0.5–0.6ರ ಆಸುಪಾಸು ಇರುವುದರಿಂದ ಆ ಲೆಕ್ಕ ಹೆಚ್ಚುಕಡಿಮೆ ದುಪ್ಪಟ್ಟು ತೋರಿಸುತ್ತದೆ. ಯೂನಿಟ್ ತೋರಿಸುವ ಸ್ಮಾರ್ಟ್ ಪ್ಲಗ್ ಸಾಕು. ಅದೂ ಬೇಡವೆಂದರೆ ಎಸ್ಕಾಂ ಮೀಟರ್ ಇದ್ದೇ ಇದೆ. ಅದರ ಮುಖದ ಮೇಲೆ ಯೂನಿಟ್‌ಗೆ 3200 ಪಲ್ಸ್ ಎಂದಿದ್ದರೆ, ಸರ್ವರ್ ಬಿಟ್ಟು ಉಳಿದದ್ದೆಲ್ಲ ಆರಿಸಿ, ಕೆಂಪು ದೀಪ ಹತ್ತು ಸಲ ಮಿನುಗಲು ಹಿಡಿಯುವ ಸೆಕೆಂಡ್ ಎಣಿಸಿ; 11,250ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ವ್ಯಾಟ್ ಬರುತ್ತದೆ. 187 ಸೆಕೆಂಡ್ ಹಿಡಿದರೆ 60 ವ್ಯಾಟ್. ಮೊದಲ ಮಿನುಗನ್ನು ಸೊನ್ನೆ ಎಂದು ಹಿಡಿಯಬೇಕು. ಇನ್ವರ್ಟರ್ ಬ್ಯಾಟರಿ ಚಾರ್ಜ್ ಆಗುತ್ತಿದ್ದರೆ, ಫ್ರಿಜ್ ಶುರುವಾಗಿಬಿಟ್ಟರೆ ಲೆಕ್ಕ ಕೆಟ್ಟಂತೆಯೇ.

ಕಡಿಮೆ ಮಾಡುವ ದಾರಿಗಳಲ್ಲಿ ಡಿಸ್ಕ್‌ನದೇ ದೊಡ್ಡ ಪಾಲು. ಮೂರೂವರೆ ಇಂಚಿನ ಹಾರ್ಡ್ ಡಿಸ್ಕ್ ತಿರುಗುತ್ತಿದ್ದರೆ ಒಂದೊಂದಕ್ಕೂ 5ರಿಂದ 8 ವ್ಯಾಟ್, ಮಲಗಿದರೆ ಒಂದು ವ್ಯಾಟ್‌ಗೂ ಕಡಿಮೆ. ಮನೆಯಲ್ಲಿವೆ ಎಂದು ಒಂದು ಟಿಬಿಯ ನಾಲ್ಕು ಡಿಸ್ಕ್ ಕಟ್ಟುವ ಬದಲು ನಾಲ್ಕು ಟಿಬಿಯ ಒಂದೇ ಡಿಸ್ಕ್ ಹಾಕಿದರೆ ವರ್ಷಕ್ಕೆ ಸುಮಾರು 1,100 ರೂಪಾಯಿ ಉಳಿಯುತ್ತದೆ. ಬ್ಯಾಕಪ್ ಮಾತ್ರ ಬೇರೆ ಕಡೆ ಇರಲೇಬೇಕು. ಅರ್ಧ ಗಂಟೆ ಕೆಲಸವಿಲ್ಲದಿದ್ದರೆ ಡಿಸ್ಕ್ ಮಲಗುವಂತೆ ಹೊಂದಿಸಿ. ಐದು ನಿಮಿಷಕ್ಕೆ ಇಟ್ಟರೆ ದಿನವಿಡೀ ಎದ್ದು ಮಲಗಿ ಮೋಟಾರ್ ಸವೆಯುತ್ತದೆ. ಯಂತ್ರ ಆಗಾಗ ಬರೆದುಕೊಳ್ಳುವ ಲಾಗ್ ಫೈಲ್‌ಗಳು, ಟೊರೆಂಟ್ ಡೌನ್‌ಲೋಡ್‌ಗಳು ಅದೇ ಡಿಸ್ಕ್‌ನಲ್ಲಿದ್ದರೆ ಅದು ಮಲಗುವುದೇ ಇಲ್ಲ, ಅವನ್ನು ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿಗೆ ಸಾಗಿಸಿ. ಡಿಸ್ಕ್ ಕೂರಿಸುವ ಕೆಲವು ಯುಎಸ್‌ಬಿ ಪೆಟ್ಟಿಗೆಗಳು ಮಲಗುವ ಆದೇಶವನ್ನು ಡಿಸ್ಕ್‌ಗೆ ದಾಟಿಸುವುದೇ ಇಲ್ಲ. ರಾತ್ರಿ ಬ್ಯಾಕಪ್‌ಗಷ್ಟೇ ಬೇಕಾದ ಯಂತ್ರವಾದರೆ ಬಯಾಸ್‌ನಲ್ಲಿ (ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್) ಏಳುವ ಸಮಯ ಕೊಟ್ಟು, ಕೆಲಸ ಮುಗಿದ ಮೇಲೆ ತಾನೇ ಆರುವಂತೆ ಮಾಡಬಹುದು.

ಕರೆಂಟ್ ಹೋದಾಗ ಸರ್ವರ್ ದಿಢೀರ್ ಆರದಂತೆ ಮಿನಿ ಪಿಸಿಗೆ 12 ವೋಲ್ಟ್‌ನ ಡಿಸಿ ಯುಪಿಎಸ್ ಕಟ್ಟುವುದುಂಟು. ಅಡಾಪ್ಟರ್ 3 ಆಂಪಿಯರ್‌ನದಾಗಿದ್ದು ಯುಪಿಎಸ್ 2 ಆಂಪಿಯರ್‌ನದಾಗಿದ್ದರೆ, ಡಿಸ್ಕ್ ತಿರುಗಲು ಶುರುವಾಗುವ ಗಳಿಗೆಯಲ್ಲೇ ವೋಲ್ಟೇಜ್ ಕುಸಿದು ಫೈಲ್ ಕೆಡಬಹುದು. ಯುಪಿಎಸ್ ಕೊಳ್ಳುವಾಗ ಬೆಲೆಗಿಂತ ಮೊದಲು ಈ ಸಂಖ್ಯೆ ನೋಡಬೇಕು.

ಇನ್ನು ತಂಪಿನ ಮಾತು. ಸರ್ವರ್ ಎಳೆದ ಕರೆಂಟೆಲ್ಲ ಕೊನೆಗೆ ಕೋಣೆಯಲ್ಲಿ ಶಾಖವೇ ಆಗುತ್ತದೆ ಎಂಬುದು ನಿಜ. ಆದರೆ 150 ವ್ಯಾಟ್‌ನ ಶಾಖ ಹೊರಹಾಕಲು ಎಸಿಗೆ ಹೆಚ್ಚುವರಿಯಾಗಿ ಬೇಕಾದದ್ದು 40–50 ವ್ಯಾಟ್ ಮಾತ್ರ. ದಿನಕ್ಕೆ ಆರು ಗಂಟೆಯಂತೆ ತಿಂಗಳಿಗೆ ಏಳರಿಂದ ಒಂಬತ್ತು ಯೂನಿಟ್. ಹಾಗೆಂದು ಸರ್ವರ್‌ಗೋಸ್ಕರವೇ ಎಸಿ ಓಡಿಸುವುದು ಶುದ್ಧ ದುಂದು. ಹಾರ್ಡ್ ಡಿಸ್ಕ್‌ಗಳಿಗೆ ತಯಾರಕರು ಸಾಮಾನ್ಯವಾಗಿ ಕೊಡುವ ಮಿತಿ 60 ಡಿಗ್ರಿ. ಡಿಸ್ಕ್ ತನ್ನ ಸ್ಥಿತಿಯ ಬಗ್ಗೆ ತಾನೇ ಕೊಡುವ ಸ್ಮಾರ್ಟ್ (SMART) ವರದಿಯಲ್ಲಿ 50 ದಾಟುತ್ತಿದ್ದರೆ 120 ಮಿಲಿಮೀಟರ್‌ನ ಒಂದು ಫ್ಯಾನ್ ನಿಧಾನವಾಗಿ ಡಿಸ್ಕ್ ಮೇಲೆ ಬೀಸಲಿ, ಅದರ ಖರ್ಚು ತಿಂಗಳಿಗೆ ಒಂದೂವರೆ ಯೂನಿಟ್ ಮೀರದು. ಬಿಸಿಲಿಗೆ ಕಾಯುವ ತಾರಸಿಯ ಕೆಳಗಿನ ಅಟ್ಟದ ಮೇಲಾಗಲಿ, ಬಾಗಿಲು ಮುಚ್ಚಿದ ಟಿವಿ ಕಪಾಟಿನಲ್ಲಾಗಲಿ ಇಡಬೇಡಿ. ಏರ್ ಕೂಲರ್‌ನ ಗಾಳಿಗೆ ನೇರವಾಗಿಯೂ ಬೇಡ, ತೇವ ಮತ್ತು ದೂಳು ಸೇರಿ ಬೋರ್ಡ್ ಮೇಲೆ ಕೂರುತ್ತವೆ.

ಮನೆಯವರಿಗೆ ಕೂಲರ್ ಆಗುವುದೋ ಎಸಿ ಬೇಕೋ ಎಂಬುದನ್ನು ಊರಿನ ಹವೆ ತೀರ್ಮಾನಿಸುತ್ತದೆ. ಕಲಬುರಗಿಯ ಒಣ ಬಿಸಿಲಿಗೆ ಕಿಟಕಿ ತೆರೆದಿಟ್ಟು ಓಡಿಸಿದ ಕೂಲರ್ ಎಸಿಯ ಅರ್ಧಕ್ಕಿಂತ ಕಡಿಮೆ ಕರೆಂಟಿನಲ್ಲಿ ಸೆಕೆ ಕಳೆಯುತ್ತದೆ. ಮಂಗಳೂರಿನಲ್ಲಿ ಗಾಳಿಯಲ್ಲೇ ನೀರಿರುವುದರಿಂದ ಅದು ಮೈ ಅಂಟಿಸುವ ಯಂತ್ರವಷ್ಟೆ. ಎಸಿಯನ್ನು 26ಕ್ಕಿಟ್ಟು ಫ್ಯಾನ್ ಹಾಕಿಕೊಳ್ಳಿ. ಒಂದೊಂದು ಡಿಗ್ರಿ ಏರಿಸಿದರೂ ಶೇ 6ರಷ್ಟು ಉಳಿತಾಯ ಎನ್ನುತ್ತದೆ ಬಿಇಇ. 75 ವ್ಯಾಟ್‌ನ ಹಳೆ ಸೀಲಿಂಗ್ ಫ್ಯಾನ್ ತೆಗೆದು 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ, ದಿನಕ್ಕೆ 12 ಗಂಟೆ ಓಡಿದರೂ ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ. ಮೇಲಂತಸ್ತಿನವರು ಮಾರ್ಚ್‌ಗೆ ಮೊದಲೇ ತಾರಸಿಯ ಪಾಚಿ, ದೂಳು ಉಜ್ಜಿ ತೆಗೆದು, ಅಂಟು ಬೆರೆಸಿದ ಸುಣ್ಣವನ್ನು ಎರಡು ಕೈ ಬಳಿಯಲಿ. ಉಜ್ಜದೆ ಬಳಿದರೆ ಹಕ್ಕಳೆಯಾಗಿ ಏಳುತ್ತದೆ, ಮಳೆಗಾಲ ಕಳೆದ ಮೇಲೆ ಮತ್ತೆ ಬಳಿಯಬೇಕಾಗುತ್ತದೆ ಹೇಗೂ.

ಎಸ್ಕಾಂಗಳಿಗೆ ಒಂದು ಮನವಿ. ಗೃಹ ಜ್ಯೋತಿ ಬಿಲ್ಲಿನಲ್ಲಿ ಅರ್ಹ ಯೂನಿಟ್ ಜೊತೆಗೆ ದಿನದ ಸರಾಸರಿ ಬಳಕೆಯನ್ನೂ, 200ಕ್ಕೆ ಎಷ್ಟು ಯೂನಿಟ್ ಬಾಕಿ ಇತ್ತೆಂಬುದನ್ನೂ ದಪ್ಪಕ್ಷರದಲ್ಲಿ ಮುದ್ರಿಸಲಿ. ಕಂಪ್ಯೂಟರ್, ರೂಟರ್, ಸೆಟ್‌ಟಾಪ್ ಬಾಕ್ಸ್ ಮಾರುವವರು ಸುಮ್ಮನೆ ಕೂತಾಗಿನ ವ್ಯಾಟ್ ಎಷ್ಟೆಂದು ಪೆಟ್ಟಿಗೆಯ ಮೇಲೆ ಬರೆಯುವುದನ್ನು ಸರ್ಕಾರ ಕಡ್ಡಾಯ ಮಾಡಲಿ.

— ಓದುಗ, ಕಲಬುರಗಿ