ನನ್ನ ಕ್ಲಿಯೋ 182ರ ಟೈಮಿಂಗ್ ಬೆಲ್ಟ್ ಕೆಲಸದ ಬಗ್ಗೆ ದೂರು

ಗ್ಯಾರೇಜ್ ಮಾಲೀಕರಿಗೆ,

ನಮಸ್ಕಾರ ಸರ್. ಇಂಗ್ಲೆಂಡಿನಲ್ಲಿ ನಮ್ಮ ಕಡೆಯವರದೇ ಗ್ಯಾರೇಜ್ ಇದೆ ಅಂತ ನಂಬಿ, ಟೈಮಿಂಗ್ ಬೆಲ್ಟ್ (ಕ್ರ್ಯಾಂಕ್ ಮತ್ತು ಕ್ಯಾಮ್‌ಶಾಫ್ಟುಗಳನ್ನು ಹೊಂದಿಸಿ ತಿರುಗಿಸುವ ಪಟ್ಟಿ) ಬದಲಿಸಲು ನಿಮ್ಮಲ್ಲಿಗೆ ಗಾಡಿ ತಂದವನು ನಾನು. ಅದಕ್ಕೇ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ನನ್ನದು 2005ರ ರೆನೋ ಸ್ಪೋರ್ಟ್ ಕ್ಲಿಯೋ 182. ಇದು ಮಾಮೂಲಿ ಕ್ಲಿಯೋ ಅಲ್ಲ, ಬೆಲ್ಟ್ ಹಾಕುವ ರೀತಿ ಬೇರೆ ಅಂತ ಗಾಡಿ ಬಿಡುವಾಗಲೇ ಹೇಳಿದ್ದೆ. ಈ 2 ಲೀಟರ್ ಎಂಜಿನ್ನಿನ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಶಾಫ್ಟ್) ಪುಲ್ಲಿಗೆ ಕೀ, ಅಂದರೆ ಜಾರದಂತೆ ಹಿಡಿಯುವ ಲೋಹದ ತುಂಡು, ಇಲ್ಲ, ಬೋಲ್ಟಿನ ಬಿಗಿಯಲ್ಲೇ ಅದು ನಿಲ್ಲಬೇಕು. ಹಾಗಾಗಿ ಕ್ರ್ಯಾಂಕಿಗೆ ಪಿನ್ನು, ವಾಲ್ವ್ ತೆರೆಯುವ ಎರಡೂ ಕ್ಯಾಮ್‌ಶಾಫ್ಟಿಗೆ ತಿರುಗದಂತೆ ಲಾಕ್ ಹಾಕಿಯೇ ಕೆಲಸ ಮಾಡಬೇಕು. ಸುಮ್ನೆ ಬಿಳಿ ಗುರುತು ಹಾಕಿಕೊಂಡು ಬೆಲ್ಟ್ ಏರಿಸಿದರೆ ಆಗಲ್ಲ.

ನೀವು ಮಾಡಿದ್ದು ಅದನ್ನೇ ಅಂತ ನನ್ನ ಅನುಮಾನ. ಯಾಕೆ ಅಂತ ಹೇಳುತ್ತೇನೆ. ಎಂಜಿನ್ನಿನ ಮೇಲ್ಭಾಗದ ಹೆಡ್ಡಿನಲ್ಲಿ, ಗೇರ್‌ಬಾಕ್ಸ್ ಕಡೆಗೆ, ಕ್ಯಾಮ್‌ಶಾಫ್ಟ್ ತುದಿ ಮುಚ್ಚುವ ಎರಡು ದುಂಡನೆ ಪ್ಲಗ್ ಇರುತ್ತವೆ. ಲಾಕ್ ಹಾಕಬೇಕಾದರೆ ಅವನ್ನು ಚುಚ್ಚಿ ಕೀಳಲೇಬೇಕು, ಕಿತ್ತ ಮೇಲೆ ಹೊಸದನ್ನೇ ಬಡಿಯಬೇಕು. ಏರ್ ಫಿಲ್ಟರಿನ ಡಬ್ಬಿ ತೆಗೆದು ಟಾರ್ಚ್ ಹಿಡಿದು ನೋಡಿದೆ. ಹಳೇ ಪ್ಲಗ್ಗೇ ಇವೆ. ಸುತ್ತಲೂ ಎಣ್ಣೆ ಜಿಡ್ಡಿನ ಮೇಲೆ ಧೂಳು ಕೂತು ಕಪ್ಪಗೆ ಗಟ್ಟಿಯಾಗಿದೆ, ಒಂದು ಗೀರೂ ಬಿದ್ದಿಲ್ಲ. ಬಿಲ್ಲಿನಲ್ಲಿ ಮಾತ್ರ ಹೊಸ ಪ್ಲಗ್ಗಿಗೆ ದುಡ್ಡು ಹಿಡಿದಿದ್ದೀರಿ!

ಕ್ಯಾಮ್‌ಶಾಫ್ಟಿನ ಟೈಮಿಂಗ್ ಹಿಂದೆಮುಂದೆ ಮಾಡುವ ಡಿಫೇಸರ್ ಪುಲ್ಲಿಯೂ ಅಷ್ಟೇ. ಹೊಸದು ಹಾಕಿದ್ದೇವೆ ಅಂತ ಬರೆದಿದ್ದೀರಿ, ಆದರೆ ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಮೊದಲಿನ ಹಾಗೇ ಡೀಸೆಲ್ ಎಂಜಿನ್ ಥರ ಗಡಗಡ ಅನ್ನುತ್ತದೆ. ಕಡಿಮೆ ಆರ್‌ಪಿಎಂನಲ್ಲಿ ಎಳೆಯುವುದೂ ಇಲ್ಲ.

ಫೋನ್ ಮಾಡಿದರೆ ನಿಮ್ಮ ಹುಡುಗ, ಹಳೇ ಫ್ರೆಂಚ್ ಕಾರು, ಸದ್ದು ಮಾಡುತ್ತೆ ಬಿಡಿ ಅಂದ. ಆ ಮಾತು ತುಂಬಾ ಬೇಸರ ತಂದಿತು. ಫ್ರಾನ್ಸಿನ ಡಿಯೆಪ್‌ನಲ್ಲಿ, ಆಲ್ಪೀನ್ ಕಾರ್ಖಾನೆಯಲ್ಲಿ ಕಟ್ಟಿದ ಗಾಡಿ ಸರ್ ಇದು. 5 ವರ್ಷ ಅಥವಾ 72,000 ಮೈಲಿ, ಯಾವುದು ಮೊದಲೋ ಆಗ ಬೆಲ್ಟ್ ಬದಲಿಸಬೇಕು ಅಂತ ಇರುವುದನ್ನು ನಾನು ತಪ್ಪದೆ ಪಾಲಿಸುತ್ತಾ ಬಂದಿದ್ದೇನೆ. ಟೈಮಿಂಗ್ ತಪ್ಪಿದರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹೋಗುತ್ತೆ, ಆಗ ಯಾರು ಹೊಣೆ?

ನನಗೆ ಬೇಕಾಗಿರುವುದು ಇಷ್ಟು. ತೆಗೆದ ಹಳೇ ಭಾಗಗಳನ್ನು ತೋರಿಸಿ. ಸರಿಯಾದ ಲಾಕಿಂಗ್ ಟೂಲ್ ಹಾಕಿ, ನನ್ನ ಎದುರಿಗೇ, ಇಡೀ ಕೆಲಸ ಮತ್ತೆ ಮಾಡಿಕೊಡಿ, ದುಡ್ಡು ಕೇಳಬೇಡಿ. ಆಗಲ್ಲ ಅಂದರೆ ಹಣ ವಾಪಸ್ ಕೊಡಿ, ಬೇರೆ ಕಡೆ ಮಾಡಿಸುತ್ತೇನೆ. ಇಲ್ಲಿನ 2015ರ ಕನ್ಸ್ಯೂಮರ್ ರೈಟ್ಸ್ ಆಕ್ಟ್ (ಗ್ರಾಹಕರ ಹಕ್ಕುಗಳ ಕಾಯ್ದೆ) ಪ್ರಕಾರ ಇದನ್ನು ಕೇಳುವ ಹಕ್ಕು ನನಗಿದೆ.

ಗಾಡಿ ಮನೆ ಮುಂದೆ ನಿಂತಿದೆ, ಸ್ಟಾರ್ಟ್ ಮಾಡುತ್ತಿಲ್ಲ. ಶುಕ್ರವಾರದೊಳಗೆ ಬರವಣಿಗೆಯಲ್ಲೇ ಉತ್ತರ ಕೊಡಿ. ಪ್ಲಗ್ಗಿನ ಫೋಟೋ, ಬಿಲ್ಲಿನ ಪ್ರತಿ ಜೊತೆಗಿಟ್ಟಿದ್ದೇನೆ.