ಕಾಹಾಲ್ ಚಿತ್ರಗಳು ಅಲಂಕಾರವಲ್ಲ

ಮಾನ್ಯ ಸಂಪಾದಕರೇ,

ಮೆದುಳಿನ ಕುರಿತು ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಲೇಖನ ಚೆನ್ನಾಗಿತ್ತು. ಆದರೆ ಸ್ಪೇನಿನ ಸ್ಯಾಂಟಿಯಾಗೊ ರಾಮೊನ್ ಇ ಕಾಹಾಲ್ (1852–1934) ಅವರನ್ನು ಚಿತ್ರಕಲೆಯ ಹವ್ಯಾಸವೂ ಇದ್ದ ವಿಜ್ಞಾನಿಯೆಂದು ಒಂದೇ ಸಾಲಿನಲ್ಲಿ ಪರಿಚಯಿಸಿದ್ದು ನನಗೆ ಒಪ್ಪಿಗೆಯಾಗಲಿಲ್ಲ. ಚಿತ್ರ ಬರೆಯುವುದೇ ಅವರ ಸಂಶೋಧನೆಯ ದಾರಿಯಾಗಿತ್ತು.

ಇಟಲಿಯ ಕಮಿಲ್ಲೊ ಗಾಲ್ಜಿ 1873ರಲ್ಲಿ ಪೊಟ್ಯಾಸಿಯಂ ಡೈಕ್ರೋಮೇಟ್ ಮತ್ತು ಸಿಲ್ವರ್ ನೈಟ್ರೇಟ್ ಬಳಸಿ ನರಕೋಶಗಳಿಗೆ ಕಪ್ಪು ಬಣ್ಣ ಹಿಡಿಸುವ ವಿಧಾನವನ್ನು ಪ್ರಕಟಿಸಿದರು. ಅದರಲ್ಲಿ ಎಲ್ಲ ಕೋಶಗಳಿಗೂ ಬಣ್ಣ ಹತ್ತುವುದಿಲ್ಲ. ಅಲ್ಲೊಂದು ಇಲ್ಲೊಂದು ಕೋಶ ಮಾತ್ರ ಹಳದಿ ಹಿನ್ನೆಲೆಯಲ್ಲಿ ತನ್ನ ಕವಲುಗಳ ಸಮೇತ ಎದ್ದು ಕಾಣುತ್ತದೆ. 1887ರಲ್ಲಿ ಇದನ್ನು ಕಂಡ ಕಾಹಾಲ್, ಬೆಳೆದ ಮೆದುಳಿನ ಗೋಜಲನ್ನು ಬದಿಗಿಟ್ಟು, ನರದ ಎಳೆಗಳನ್ನು ಸುತ್ತುವ ಕೊಬ್ಬಿನ ಪೊರೆ ಇನ್ನೂ ಮೂಡದ ಭ್ರೂಣಗಳ ಮತ್ತು ಎಳೆಯ ಪ್ರಾಣಿಗಳ ಮೆದುಳನ್ನು ಆರಿಸಿಕೊಂಡು, ಒಂದೊಂದು ಎಳೆಯೂ ಎಲ್ಲಿ ಹುಟ್ಟಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಕಾಗದದ ಮೇಲೆ ಹಿಂಬಾಲಿಸಿದರು. ಗಾಲ್ಜಿಗೆ ಎಡೆಬಿಡದ ಬಲೆಯಾಗಿ ತೋರಿದ್ದು, ಅದೇ ವಿಧಾನ ಬಳಸಿದ ಕಾಹಾಲ್ ಕಣ್ಣಿಗೆ ಬಿಡಿಬಿಡಿ ಕೋಶಗಳಾಗಿ ಕಂಡಿತು. 1906ರ ನೊಬೆಲ್ ಪ್ರಶಸ್ತಿಯನ್ನು ಇಬ್ಬರೂ ಹಂಚಿಕೊಂಡರು. ಆ ವೇದಿಕೆಯಲ್ಲೂ ಗಾಲ್ಜಿ ಬಿಡಿಕೋಶದ ವಾದವನ್ನು ವಿರೋಧಿಸಿಯೇ ಮಾತನಾಡಿದರು. ಕೋಶಗಳ ನಡುವಣ ತೆರಪು ಕಣ್ಣಿಗೆ ಬಿದ್ದದ್ದು 1950ರ ದಶಕದಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಅಡಿಯಲ್ಲಿ.

ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಕೋಶದ ಕವಲುಗಳ ಮೇಲೆ ಮುಳ್ಳಿನಂಥ ಪುಟ್ಟ ಚಾಚುಗಳಿರುತ್ತವೆ. ಹಲವರು ಅವನ್ನು ಬಣ್ಣ ಹಿಡಿಸುವಾಗ ಅಂಟಿಕೊಂಡ ಬೆಳ್ಳಿಯ ಗಸಿಯೆಂದು ತಳ್ಳಿಹಾಕಿದ್ದರು. ಕಾಹಾಲ್ ಅವನ್ನು ಬಿಡದೆ ಚಿತ್ರಿಸಿದ್ದಲ್ಲದೆ, ಮೆಥಿಲೀನ್ ನೀಲಿಯೆಂಬ ಬೇರೆ ಬಣ್ಣದಿಂದಲೂ ಪರೀಕ್ಷಿಸಿ, ಅವು ನಿಜವಾಗಿ ಇವೆಯೆಂದು ತೋರಿಸಿದರು.

ಕಂಡದ್ದನ್ನೇ ಚಿತ್ರಿಸಬೇಕೆಂಬುದು ಜೀವಶಾಸ್ತ್ರ ಕಲಿಸುವ ನನಗೆ ದಿನನಿತ್ಯದ ಮಾತು. ಸೂಕ್ಷ್ಮದರ್ಶಕಕ್ಕೆ ಕಣ್ಣಿಡುವ ಮೊದಲೇ ಪಠ್ಯಪುಸ್ತಕದ ಚಿತ್ರವನ್ನು ರೆಕಾರ್ಡ್ ಪುಸ್ತಕಕ್ಕೆ ಇಳಿಸಿಕೊಂಡು ಬರುವ ವಿದ್ಯಾರ್ಥಿಗಳು ಕಡಿಮೆಯೇನಲ್ಲ. ಅಂದವಾಗಿದ್ದರೆ ಅಂಕವೂ ಸಿಗುತ್ತದೆ. ಕಾಜಿನ ಮೇಲಿದ್ದ ಕೋಶ ಮಾತ್ರ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ.

ಆದುದರಿಂದ ಮುಂದೆ ಕಾಹಾಲ್ ಬಗ್ಗೆ ಬರೆಯುವಾಗ ಅವರು ಬರೆದ ಅಕ್ಷಿಪಟಲದ (ಕಣ್ಣಿನ ಒಳಪರದೆಯ) ಚಿತ್ರವೊಂದನ್ನು ದೊಡ್ಡದಾಗಿ ಅಚ್ಚು ಹಾಕಬೇಕೆಂದು ಕೋರುತ್ತೇನೆ. ನರಸಂದೇಶ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ಎಂದು ಕಾಹಾಲ್ ಊಹಿಸಿ, ಅದನ್ನು ಇಂಥ ಚಿತ್ರಗಳಲ್ಲಿ ಪುಟ್ಟ ಬಾಣಗಳಿಂದ ಗುರುತಿಸಿದ್ದಾರೆ. ಆ ಬಾಣಗಳು ಓದುಗರಿಗೆ ಕಾಣುವಷ್ಟು ದೊಡ್ಡದಾಗಿ ಅಚ್ಚಾದರೆ ಸಾಕು.

ಇಂತಿ,
ಜೀವಶಾಸ್ತ್ರ ಉಪನ್ಯಾಸಕಿ